ನಾನು ಮಾರಿದ ಬೇರಿಂಗ್

ಗಿರಾಕಿಯ ಊರಿಗೆ ನಾನಾಗಿ ಹೋದವನಲ್ಲ. ಸೊಲ್ಲಾಪುರದಲ್ಲಿ ಪಂಪ್‌ಸೆಟ್ ಎಂಜಿನ್ನುಗಳ ಬಿಡಿಭಾಗ ಮಾರುವ ಅಂಗಡಿ ನಮ್ಮದು, ಅಪ್ಪನ ಕಾಲದ್ದು. ಗಿರಾಕಿ ಬರಬೇಕು, ಸವೆದ ಭಾಗವನ್ನು ಕೌಂಟರಿನ ಮೇಲೆ ಇಡಬೇಕು, ನಾನು ಹೊಸದನ್ನು ತೆಗೆದುಕೊಡಬೇಕು. ಸಂಬಂಧ ಅಷ್ಟಕ್ಕೇ ಮುಗಿಯುತ್ತದೆ. ಆದರೆ ಹೋದ ಮಳೆಗಾಲದಲ್ಲಿ ಅಕ್ಕಲಕೋಟೆಯ ಆಚೆಯ ಕುರನೂರಿನಿಂದ, ನಮ್ಮಲ್ಲೇ ಮಾಲು ಕೊಳ್ಳುವ ಮೆಕ್ಯಾನಿಕ್‌ನ ಫೋನ್ ಬಂದಾಗ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಚಹಾ ಕೂಡ ಕುಡಿಯದೆ ಮೋಟರ್‌ಸೈಕಲ್ ಹತ್ತಿದೆ.

“ದೋಣಿ ಎಂಜಿನ್ ಜಾಮ್ ಆಗೈತ್ರಿ ಸಾವಕಾರ್ರ,” ಅಂದಿದ್ದ ಅವನು. “ರಾಡಿನ ಬೇರಿಂಗ್ ಹೋಗೈತಿ ಅನಸ್ತದ. ಯುಗಾದಿ ಮುಂದ ನಿಮ್ಮಲ್ಲೇ ಒಯ್ದಿದ್ನೆಲ್ಲ, ಅದ.”

ಅದು ಯಾವುದೆಂದು ಅವನಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ಆಗ ಕಂಪನಿಯ ಮಾಲು ಬರುವುದು ತಡವಾಗಿತ್ತು. ಯಾವನೋ ಏಜೆಂಟ್ ಅಂಥದೇ ಡಬ್ಬಿಯಲ್ಲಿ, ಅಂಥದೇ ಮುದ್ರೆ ಒತ್ತಿದ ಡುಪ್ಲಿಕೇಟ್ ಬೇರಿಂಗುಗಳನ್ನು ತಂದಿಟ್ಟು ಹೋಗಿದ್ದ. ಹೊಲದ ಪಂಪು ದಿನಕ್ಕೆ ಎರಡು ತಾಸು ಓಡಿದರೆ ಹೆಚ್ಚು, ಹೇಗೋ ನಡೆದುಹೋಗುತ್ತದೆ ಅಂದುಕೊಂಡು ಕಂಪನಿಯದೆಂದೇ ಮಾರಿದೆ. ಅದು ದೋಣಿಯೊಳಗೆ ಹೋಗುತ್ತದೆಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳಿದ್ದರೂ ಮಾರುತ್ತಿದ್ದೆ. ಈ ಒಂದು ವಾಕ್ಯ ಬರೆಯಲು ನನಗೆ ಇಷ್ಟು ದಿನ ಬೇಕಾಯಿತು.

ವಳಸಂಗ ದಾಟುವವರೆಗೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಣ್ಣೆ ಹಾಕದೆ ಓಡಿಸಿರಬಹುದು. ಮಣ್ಣು ಹೊಕ್ಕಿರಬಹುದು. ಅಕ್ಕಲಕೋಟೆ ದಾಟಿದ ಮೇಲೆ ಹೊಸ ಕಾರಣಗಳೇ ಹೊಳೆಯಲಿಲ್ಲ. ನನ್ನ ಮುಂದೆ ಅಡ್ಡಾಡುತ್ತಿದ್ದ ಎಮ್ಮೆಗಳಿಗೆ ಸುಮ್ಮನೆ ಹಾರ್ನ್ ಬಾರಿಸುತ್ತ ಹೋದೆ.

ಡ್ಯಾಮಿನ ಹಿನ್ನೀರಿನ ದಂಡೆಯಲ್ಲಿ ಆ ದೋಣಿ ನಿಂತಿತ್ತು. ಕಬ್ಬಿಣದ ತಗಡಿನ ದೋಣಿ. ನಟ್ಟನಡುವೆ ಒಂದು ಹೊಲದ ಡೀಸೆಲ್ ಎಂಜಿನ್ನನ್ನು ಬೋಲ್ಟ್ ಹಾಕಿ ಕೂರಿಸಿದ್ದರು. ಅದರಿಂದ ಹೊರಟ ಕಬ್ಬಿಣದ ದಂಡ ತಳ ತೂರಿ ನೀರಿನಲ್ಲಿ ಪಂಖ ತಿರುಗಿಸುವ ಹಾಗಿತ್ತು. ದೋಣಿ ಕುರಿ ಸಾಕುವ ಒಂದು ಮನೆತನದ್ದು. ಬೇಸಿಗೆಯಲ್ಲಿ ನೀರು ಇಳಿದಾಗ ನಡುವಿನ ದಿಬ್ಬದಲ್ಲಿ ಒಳ್ಳೆಯ ಹುಲ್ಲು ಸಿಗುತ್ತದೆಂದು ಕುರಿ ಹೊಡೆದುಕೊಂಡು ಹೋಗಿದ್ದರು. ಬೋರಿ ನದಿಗೆ ಮೇಲಿನಿಂದ ಒಮ್ಮೆಲೇ ನೀರು ಬಂದು ದಿಬ್ಬ ನಡುಗಡ್ಡೆಯಾಗಿತ್ತು. ಅರವತ್ತು ಕುರಿ, ಅವುಗಳ ಜೊತೆ ಮನೆಯ ಸೊಸೆ, ಎಲ್ಲ ಆಚೆ. ಮೀನುಗಾರನೊಬ್ಬ ಥರ್ಮಾಕೋಲಿನ ತೆಪ್ಪದ ಮೇಲೆ, ಕುರಿ ಬಿಟ್ಟು ಬರಲೊಪ್ಪದ ಅವಳಿಗೆ ರೊಟ್ಟಿ ಮುಟ್ಟಿಸುತ್ತಿದ್ದ.

ದೋಣಿ ನಡೆಸುವವನು ಮಗ. ಆದರೆ ದಾರಿ ಹೇಳುವವಳು ತಾಯಿ. ಅರವತ್ತು ದಾಟಿದ ಹೆಂಗಸು, ಕುರಿಗಾರರ ದೇವರು ಬಿರೋಬಾನ ಭಕ್ತೆ, ಸೊಂಟದಲ್ಲಿ ಭಂಡಾರದ ಅರಿಶಿನ ಪುಡಿಯ ಚೀಲ. ಡ್ಯಾಮಿನ ನೀರು ನಿಲ್ಲುವ ಮೊದಲು, ಈಗ ಮುಳುಗಿರುವ ಹೊಲಗಳಲ್ಲಿ ಓಡಾಡಿದವಳು. ಯಾವ ಬಾವಿಯ ಕಟ್ಟೆ ಎಲ್ಲಿ ಮುಳುಗಿದೆ, ಯಾವ ಬದುವಿಗೆ ಪಂಖ ಬಡಿಯುತ್ತದೆ ಎಂಬುದು ಅವಳಿಗೆ ಮಾತ್ರ ಗೊತ್ತು. ದೋಣಿಯ ಮೂತಿಯಲ್ಲಿ ಕೂತು ಕೈ ಆಡಿಸಿದರೆ ಮಗ ಹಾಗೆ ತಿರುಗಿಸುತ್ತಿದ್ದ ಎಂದು ಮೆಕ್ಯಾನಿಕ್ ಹೇಳಿದ.

ಅವನು ಎಂಜಿನ್ನಿನ ಬದಿಯ ಮುಚ್ಚಳ ಬಿಚ್ಚಿದ. ಒಳ ಅಂಚಿಗೆ ಎಣ್ಣೆಯ ಜೊತೆ ಹಳದಿ ಮೆತ್ತಿಕೊಂಡಿತ್ತು.

“ಇದೇನಿದು?” ಅಂದೆ.

“ಭಂಡಾರರಿ,” ಅಂದ ಅವನು ಮೆಲ್ಲಗೆ. ಯುಗಾದಿಯಲ್ಲಿ ಬೇರಿಂಗ್ ಹಾಕುವಾಗ ಮುಚ್ಚಳ ತೆರೆದೇ ಇತ್ತಂತೆ. ಹೊಸ ಗಾಡಿ, ಹೊಸ ಮಷೀನು, ಏನೇ ಇರಲಿ ಆ ಮನೆಯವರು ಭಂಡಾರ ಹಾರಿಸದೆ ಮುಟ್ಟುವುದಿಲ್ಲ. ದೇವರು ಮೇಲಷ್ಟೇ ಯಾಕೆ, ಒಳಗೂ ಇರಲಿ ಎಂದು ಮುದುಕಿ ಒಂದು ಹಿಡಿ ಒಳಕ್ಕೇ ಎಸೆದಿದ್ದಳು. ದೇವರದ್ದನ್ನು ಒರೆಸುವುದು ಹೇಗೆಂದು ಮೆಕ್ಯಾನಿಕ್ ಹಾಗೇ ಮುಚ್ಚಿದ್ದ.

ತಾಯಿಯ ಜೊತೆ ಅಲ್ಲೇ ನಿಂತಿದ್ದ ಮಗನ ಮುಖ ಕೆಂಪಾಯಿತು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು. “ಎಷ್ಟ ಸಲ ಹೇಳೀನಿ ನಿನಗ, ಮಷೀನ್‌ದಾಗ ದೇವರ್ನ ತರಬ್ಯಾಡ ಅಂತ? ಇಷ್ಟ ವರ್ಷ ನಿನ್ನ ಮಾತ ಕೇಳಿದ್ದ ನನ್ನ ತಪ್ಪು. ಆಕಿ ಅಲ್ಲಿ ನೀರಾಗ ಕುಂತಾಳ, ನಿನ್ನ ಕೈಲೇ ಆತು ಇದು,” ಅಂದ.

ಮುದುಕಿ ತನ್ನ ಬಲಗೈ ನೋಡಿಕೊಂಡಳು.

ಅಷ್ಟರಲ್ಲಿ ಮೆಕ್ಯಾನಿಕ್ ಬೇರಿಂಗ್ ಹೊರತೆಗೆದು ನನ್ನ ಕೈಗಿಟ್ಟ. ಮೇಲಿನ ಬಿಳಿ ಲೋಹವೆಲ್ಲ ಕರಗಿ ಹರಿದುಹೋಗಿತ್ತು. ಹಿಂದೆ ತಿರುಗಿಸಿದರೆ ಆಳವಿಲ್ಲದ ಕಳ್ಳ ಮುದ್ರೆ. ಒಂದು ಹಿಡಿ ಅರಿಶಿನಕ್ಕೆ ಲೋಹ ಹೀಗೆ ಕರಗುವುದಿಲ್ಲ. ಹೇಳಬೇಕಿತ್ತು. ಹೇಳಲಿಲ್ಲ. ಬೇರಿಂಗನ್ನು ಚಿಂದಿ ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಇಳಿಬಿಟ್ಟೆ.

ಬೇರಿಂಗ್ ಕೂರುವ ಕ್ರ್ಯಾಂಕ್ ದಂಡವೂ ಸವೆದಿತ್ತು; ಅದನ್ನು ಸೊಲ್ಲಾಪುರಕ್ಕೆ ಒಯ್ದು ಲೇತಿನಲ್ಲಿ ಹೆರೆಸಬೇಕಿತ್ತು. ನಾನೇ ಒಯ್ಯುತ್ತೇನೆ ಅಂದೆ. ಮಗ ಕೈ ಮುಗಿದ; ಅದು ನನ್ನನ್ನು ಇನ್ನೂ ಚುಚ್ಚಿತು. ಲೇತಿನವನು ಕೂತುಕೊಳ್ಳಿ ಅಂದರೂ ಕೂರಲಾಗಲಿಲ್ಲ. ಹೊರಗೆ ಹೋದೆ, ಒಳಗೆ ಬಂದೆ, ಇನ್ನೂ ಎಷ್ಟು ಹೊತ್ತು ಎಂದು ಅವನನ್ನು ಪೀಡಿಸಿದೆ. “ಸಾವಕಾರ್ರ, ನೀವ ಮಾಡ್ತೀರೇನು?” ಎಂದು ಅವನು ಕೈಯಲ್ಲಿದ್ದ ಸ್ಪ್ಯಾನರ್ ನನ್ನತ್ತ ಚಾಚಿದ. ಹೋಗಿ ನಮ್ಮ ಅಂಗಡಿಯ ಕಪಾಟಿನಿಂದ ಕಂಪನಿಯ ಬೇರಿಂಗ್ ತೆಗೆದುಕೊಂಡೆ. ಉಳಿದ ಡುಪ್ಲಿಕೇಟ್ ಡಬ್ಬಿಗಳನ್ನು ಗುಜರಿಗೆ ಎಸೆದೆ. ಯಾಕೆ ಎಂದು ತಮ್ಮ ಕೇಳಿದ್ದಕ್ಕೆ ಅವನ ಮೇಲೆ ಹರಿಹಾಯ್ದೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಕೂಡಿತು. ಮೆಕ್ಯಾನಿಕ್ ಜೋಡಿಸಿದ, ನಾನು ಒಂದೊಂದು ನಟ್ಟನ್ನೂ ಮತ್ತೆ ಬಿಗಿದು ನೋಡಿದೆ. ಮುದುಕಿ ದೂರದ ಕಲ್ಲಿನ ಮೇಲೆ ಕೂತಿದ್ದಳು. ಹಿಂದಿನ ದಿನದಿಂದ ದೋಣಿಯ ಹತ್ತಿರವೇ ಸುಳಿದಿರಲಿಲ್ಲವಂತೆ. ಮಗ ಹ್ಯಾಂಡಲ್ ತಿರುವಿದ. ಮೂರನೆಯ ಸಲಕ್ಕೆ ಕರಿ ಹೊಗೆ ಉಗುಳಿ ಎಂಜಿನ್ ಹತ್ತಿಕೊಂಡಿತು. ಇಡೀ ದೋಣಿ ನಡುಗತೊಡಗಿತು.

“ಬಾ, ಏರು,” ಎಂದು ಮಗ ತಾಯಿಯನ್ನು ಕೂಗಿದ. ಅವಳಿಲ್ಲದೆ ಆಚೆ ಮುಟ್ಟುವುದು ಅವನಿಂದ ಆಗದು.

“ನಾ ಒಲ್ಲೆ,” ಅಂದಳು. “ನನ್ನ ಕೈ ಚಲೋ ಇಲ್ಲ. ನೀವ ಹೋಗ್ರಿ.”

ಅವನು ಎರಡು ಸಲ ಕರೆದು, ಸಿಟ್ಟಿನಿಂದ ಮುಖ ತಿರುವಿದ. ನಾನು ಕಲ್ಲಿನ ಹತ್ತಿರ ಹೋಗಿ ನಿಂತೆ. ಜೇಬಿನಿಂದ ಚಿಂದಿ ತೆಗೆದು ಬಿಚ್ಚಿ ಅವಳಿಗೆ ತೋರಿಸಿದೆ.

“ಆಯಿ, ಭಂಡಾರದ್ದೇನೂ ತಪ್ಪಿಲ್ಲ. ಈ ಬೇರಿಂಗ್ ಡುಪ್ಲಿಕೇಟ್. ಗೊತ್ತಿದ್ದ ಮಾರೀನಿ.”

ಅವಳು ಅದನ್ನು ಮುಟ್ಟಲಿಲ್ಲ. “ಈಗ ಹಾಕಿದ್ದು?”

“ಕಂಪನೀದು.”

“ಆವಾಗೂ ಕಂಪನೀದಂತನ ಕೊಟ್ಟಿದ್ರಿ.”

ಬೇರಿಂಗನ್ನು ಮತ್ತೆ ಚಿಂದಿಯಲ್ಲಿ ಸುತ್ತತೊಡಗಿದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ನನಗ ಹೇಳಿದ್ರ ಏನ್ ಬಂತು?” ಅಂದಳು. “ನಾಕ ಮಂದ್ಯಾಗ ಬೈಸ್ಕೊಂಡೀನಿ ನಾ. ಅವಗ ಹೇಳ್ರಿ.”

“ಹೇಳತೀನಿ. ಮೊದಲ ಕುರಿ ತರೋಣು, ಆಮ್ಯಾಲ ಕುಂತು…”

“ಮೊದಲ ಹೇಳ್ರಿ. ಆಮ್ಯಾಲ ನಾ ಏರತೀನಿ.”

ದಂಡೆಗೆ ಬಂದೆ. ಬಟ್ಟೆ ಒಗೆಯುವ ಹೆಂಗಸರು ಇವತ್ತೂ ಇದ್ದರು. ತೆಪ್ಪದ ಮೀನುಗಾರ ಬೀಡಿ ಸೇದುತ್ತ ನಿಂತಿದ್ದ. ನಾನು ಹೇಳಿದೆ. ಎಂಜಿನ್ನಿನ ಗದ್ದಲದಲ್ಲಿ ಮಗನಿಗೆ ಏನೂ ಕೇಳಿಸಲಿಲ್ಲ. ಕಿವಿಗೆ ಕೈ ಹಚ್ಚಿ “ಏನ್ರಿ?” ಅಂದ. ಎಂಜಿನ್ ಬಂದ್ ಮಾಡು ಎಂದು ಸನ್ನೆ ಮಾಡಿದೆ. ಈಗ ಬ್ಯಾಡರಿ, ಎಂಜಿನ್ ಬಿಸಿಯಾಗಲಿ ಎಂದು ಮೆಕ್ಯಾನಿಕ್ ಒಳಗಿನಿಂದ ಕೈ ಆಡಿಸಿದ.

ಆಗ ಕೂಗಿದೆ. ಬೇರಿಂಗನ್ನು ಮೇಲೆತ್ತಿ ಹಿಡಿದು, ಗಂಟಲು ಹರಿಯುವಂತೆ ಕೂಗಿದೆ. ಡುಪ್ಲಿಕೇಟ್ ಎಂದೆ, ಗೊತ್ತಿತ್ತು ಎಂದೆ, ನಿನ್ನ ತಾಯಿಯದು ತಪ್ಪಿಲ್ಲ ಎಂದೆ. ಹೆಂಗಸರ ಕೈಗಳು ಮತ್ತೆ ನಿಂತವು. ಆದರೂ ಎರಡನೆಯ ಸಲ ಕೂಗಿ ಹೇಳಿದೆ.

ಮೆಕ್ಯಾನಿಕ್ ನನ್ನನ್ನೇ ದಿಟ್ಟಿಸಿದ. ನನ್ನ ಮಾತು ನಂಬಿ ಒಯ್ದವನು ಅವನು; ಆಮೇಲೆ ಅವನು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿಲ್ಲ. ಮಗ ಮೊಣಕಾಲಿನವರೆಗಿನ ನೀರಿಗೆ ಇಳಿದು, ಕಲ್ಲು ಬಿಟ್ಟು ದಂಡೆಗೆ ಬಂದಿದ್ದ ತಾಯಿಗೆ ಕೈ ಕೊಟ್ಟ. “ಬಾ ಯವ್ವಾ,” ಅಂದ. ಅವಳು ಅವನ ಕೈ ಹಿಡಿಯದೆ ತಾನೇ ಏರಿ ಮೂತಿಯಲ್ಲಿ ಕೂತಳು.

ದೋಣಿ ಹೊರಡಲು ಸಿದ್ಧವಾಯಿತು. ಆಚೆ ಕುರಿಗಳನ್ನು ದೋಣಿಗೆ ಹತ್ತಿಸಲು ಇನ್ನೊಬ್ಬರ ಕೈ ಬೇಕಾಗುತ್ತದೆಂದು ನಾನು ಪ್ಯಾಂಟು ಮಡಚಿ ನಿಂತಿದ್ದೆ. ಮಗ ನನ್ನನ್ನು ಬಿಟ್ಟು ಮೀನುಗಾರನನ್ನು ಕರೆದು ಕೂರಿಸಿಕೊಂಡು ಹೋದ.