ಪಾಲಿಶ್ ಕಾಕಾ ತೆಗೆದಿಟ್ಟ ಅರಿವೆ

ಕಳೆದ ತಿಂಗಳು ನಿಪ್ಪಾಣಿಯ ಹೆದ್ದಾರಿ ಪಕ್ಕದಲ್ಲಿ ಕಾರು ತೊಳೆಯುವ ಅಂಗಡಿಯೊಂದಕ್ಕೆ ಹೋಗಿದ್ದೆ. ಅಲ್ಲಿಯ ತರುಣ ನನ್ನ ಕಾರಿಗೆ ಯಾವ ಲೇಪ ಹಾಕಿಸಬೇಕೆಂದು ವಿವರಿಸುತ್ತಿದ್ದ. ಒಂದು ವರ್ಷ ಬಾಳುವುದು, ಮೂರು ವರ್ಷ ಬಾಳುವುದು, ಒಣಗಿದ ಮೇಲೆ ಗಾಜಿನಷ್ಟು ಗಟ್ಟಿಯಾಗುವುದು... ಅಷ್ಟರಲ್ಲಿ ಒಳಗೆ ಯಾರೋ ಮೇಣದ ಚಪ್ಪಟೆ ಡಬ್ಬಿಯೊಂದರ ಮುಚ್ಚಳ ತೆಗೆದರು. ಮೇಣ ಮತ್ತು ಟರ್ಪೆಂಟೈನ್ ಕೂಡಿದ ವಾಸನೆ ಹೊರಗೆ ಬಂತು. ತರುಣನ ಮಾತು ಆಮೇಲೆ ನನಗೆ ಕೇಳಿಸಲಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಚಿಕ್ಕೋಡಿಯಲ್ಲಿ ಪತ್ರಿಕೆಯೊಂದರ ಬಾತ್ಮೀದಾರನಾಗಿದ್ದೆ. ಬರೆದ ಸುದ್ದಿಯನ್ನು ಲಕೋಟೆಯಲ್ಲಿಟ್ಟು ಸಂಜೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು ಆಗಿನ ಪದ್ಧತಿ. ಬಸ್ಸು ಹೇಳಿದ ಹೊತ್ತಿಗೆ ಬರುತ್ತಿರಲಿಲ್ಲ. ಕಾಯುವಾಗ ನಾನು ಕೂರುತ್ತಿದ್ದುದು ಬೇವಿನ ಮರದ ಕೆಳಗಿನ ಒಂದು ತಗಡಿನ ಶೆಡ್ಡಿನಲ್ಲಿ. ಅದು ಪಾಲಿಶ್ ಕಾಕಾರದು. ಊರೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು. ಐವತ್ತು ದಾಟಿದ, ತೆಳ್ಳನೆಯ, ಕಡಿಮೆ ಮಾತಿನ ಮನುಷ್ಯ. ಕಾರುಗಳ ಬಣ್ಣಕ್ಕೆ ಮೇಣ ಹಚ್ಚುವುದೊಂದೇ ಅವರ ಉದ್ಯೋಗ.

ಆಗ ಆ ಭಾಗದಲ್ಲಿ ಕಾರುಗಳೇ ಕಡಿಮೆ. ಡಾಕ್ಟರರು, ತಂಬಾಕಿನ ವ್ಯಾಪಾರಿಗಳು, ಸಕ್ಕರೆ ಕಾರ್ಖಾನೆಯ ಅಧಿಕಾರಿಗಳು, ಒಬ್ಬಿಬ್ಬರು ವಕೀಲರು. ಕಬ್ಬು ನುರಿಸುವ ದಿನಗಳಲ್ಲಿ ಚಿಮಣಿಯ ಬೂದಿ ಕಾರಿನ ಮೇಲೆ ಕೂತು, ಇಬ್ಬನಿಯಲ್ಲಿ ನೆನೆದು, ಬಣ್ಣವನ್ನು ತಿನ್ನುತ್ತಿತ್ತು. ಮಳೆಗಾಲದಲ್ಲಿ ಎರೆಮಣ್ಣು ಒಣಗಿ ಅಂಟಿಕೊಳ್ಳುತ್ತಿತ್ತು. ಎರಡಕ್ಕೂ ಮೊದಲು ಮಾಲೀಕರು ಕಾಕಾರ ಕಡೆ ಬರುತ್ತಿದ್ದರು. ಬಂದವರೆಲ್ಲ ಕೇಳುತ್ತಿದ್ದುದು ಹೊಳಪನ್ನು. ಕಾಕಾ ಕೊಡಲು ಬಯಸುತ್ತಿದ್ದುದು ಬೇರೆ.

“ಬಾಟಲಿ ಪಾಲಿಶ್ ಹಚ್ಚಿದ್ರ ಇವತ್ತ ಕನ್ನಡಿ ಆಕ್ಕೈತ್ರಿ, ಮುಂದಿನ ಸಂತಿಗೆ ಮತ್ತ ಹಳೇ ಮಾರಿ,” ಎಂದು ಒಮ್ಮೆ ವಕೀಲರೊಬ್ಬರಿಗೆ ಹೇಳಿದ್ದರು. “ಡಬ್ಬೀ ಮೇಣ ಮಿಂಚೂದು ಕಡಿಮಿ, ಆದ್ರ ನಾಕ ತಿಂಗಳ ನೀರ ನಿಲ್ಲಗೊಡೂದಿಲ್ಲ. ನಿಮಗ ಗಾಡಿ ಬೇಕೋ, ಕನ್ನಡಿ ಬೇಕೋ?”

“ನಮ್ಮ ಮನ್ಯಾಗ ಕನ್ನಡಿ ಐತಿ ಮಾರಾಯಾ, ಮೇಣಾನ ಹಚ್ಚು,” ಎಂದರು ವಕೀಲರು.

ಕಾಕಾ ಬಿಸಿಲಲ್ಲಿ ಕೆಲಸ ಮಾಡುತ್ತಿರಲಿಲ್ಲ. ಕಾರಿನ ತಗಡು ಕೈಗೆ ತಣ್ಣಗೆ ಹತ್ತಬೇಕು. ಬಟ್ಟೆಯ ಸೋಪು ಮುಟ್ಟಿಸುತ್ತಿರಲಿಲ್ಲ. ಡಾಂಬರಿನ ಚುಕ್ಕೆಗಳನ್ನು ಸೀಮೆಎಣ್ಣೆಯಿಂದ ತೆಗೆದು, ನೀರಲ್ಲಿ ತೊಳೆದು, ಒಣಗಿಸಿ, ಬಣ್ಣ ಮಾಸಿದ ಕಡೆ ಮಾತ್ರ ಉಜ್ಜುವ ಕಂಪೌಂಡ್ ಹಿಡಿಯುತ್ತಿದ್ದರು. ಅದರ ಮೇಲೆ ಮೇಣದ ತೆಳುವಾದ ಪದರ. ಮೇಣ ಒಣಗಿ ಮಬ್ಬಾಗುವವರೆಗೆ ಕಾಯ್ದು, ಬೆರಳಿನಿಂದ ಗೆರೆ ಎಳೆದು ನೋಡಿ, ಹಳೆಯ ಧೋತರದ ತುಂಡಿನಿಂದ ಒರೆಸುತ್ತಿದ್ದರು.

ಕಂಪೌಂಡ್ ಬಗ್ಗೆ ಅವರಿಗೆ ಅಂಜಿಕೆಯಿತ್ತು. ಅದು ಮಾಸಿದ ಬಣ್ಣವನ್ನು ಕಿತ್ತು ಕೆಳಗಿನ ಹೊಸ ಬಣ್ಣ ತೋರಿಸುತ್ತದೆ. ಅಂದರೆ ಪ್ರತಿ ಸಲವೂ ಕಾರಿನ ಬಣ್ಣ ಒಂದಿಷ್ಟು ತೆಳ್ಳಗಾಗುತ್ತದೆ. ಮಾಲೀಕರಿಗೆ ಇದು ಅರ್ಥವಾಗುತ್ತಿರಲಿಲ್ಲ. ಅದಕ್ಕಾಗಿ ಕಾಕಾ ಒಂದು ರೂಢಿ ಮಾಡಿಕೊಂಡಿದ್ದರು. ಪ್ರತಿ ಕಾರಿಗೂ ಹೊಸ ಬಿಳಿ ಅರಿವೆ. ಕಂಪೌಂಡ್ ಉಜ್ಜಿದ ಆ ಅರಿವೆಗೆ ಕಾರಿನ ಬಣ್ಣ ಹತ್ತಿಕೊಳ್ಳುತ್ತಿತ್ತು. ಅದನ್ನು ತೊಳೆಯದೆ ಒಣಗಿಸಿ, ಕಾರಿನ ನಂಬರಿನ ಚೀಟಿಯನ್ನು ಪಿನ್ನಿನಿಂದ ಚುಚ್ಚಿ, ಟ್ರಂಕಿನಲ್ಲಿ ಇಡುತ್ತಿದ್ದರು. ಮರುವರ್ಷ ಅದೇ ಮಾಲೀಕ ಬಂದು ಇನ್ನೂ ಹೊಳಪು ಬೇಕೆಂದರೆ ಅರಿವೆಯನ್ನು ಬಿಡಿಸಿ ಮುಂದೆ ಹಿಡಿಯುತ್ತಿದ್ದರು. “ನಿಮ್ಮ ಗಾಡಿ ಬಣ್ಣ ನನ್ನ ಕಡೆ ಇಷ್ಟ ಐತ್ರಿ. ಇನ್ನೂ ಕೊಡತೀರೇನು?”

ನಮ್ಮ ಕಚೇರಿಯಲ್ಲೂ ಹಳೆಯ ಸಂಚಿಕೆಗಳನ್ನು ಅಷ್ಟು ಅಚ್ಚುಕಟ್ಟಾಗಿ ಇಟ್ಟಿರಲಿಲ್ಲ.

ಕಾರಹುಣ್ಣಿಮೆಯ ಮುಂದಿನ ವಾರಗಳಲ್ಲಿ ಕಾಕಾರಿಗೆ ವಿಶೇಷವಾದ ಒಂದು ಕೆಲಸ ಬರುತ್ತಿತ್ತು. ಆ ಹಬ್ಬಕ್ಕೆ ಎತ್ತುಗಳ ಕೋಡಿಗೆ ಎಣ್ಣೆ ಬಣ್ಣ ಬಳಿದಿರುತ್ತಾರೆ. ಇಕ್ಕಟ್ಟಿನ ರಸ್ತೆಯಲ್ಲಿ ಎತ್ತು ತಲೆ ತಿರುವಿದರೆ ಕಾರಿನ ಮೇಲೆ ಹಸಿರು, ಕೆಂಪು, ಗುಲಾಬಿ ಗೆರೆ. ವರ್ಷಕ್ಕೆ ನಾಲ್ಕೈದು ಕಾರುಗಳಾದರೂ ಅಂಥ ಗೆರೆ ಹೊತ್ತು ಬರುತ್ತಿದ್ದವು.

ಆ ವರ್ಷ ಬಂದದ್ದು ಒಬ್ಬ ದೊಡ್ಡ ವ್ಯಾಪಾರಿಯ ಗಾಢ ನೀಲಿ ಅಂಬಾಸಡರ್. ತಂದವನು ಅವರ ಡ್ರೈವರ್. ನಾನು ಅಂದು ಮಧ್ಯಾಹ್ನವೇ ಬಂದು ಅಲ್ಲಿ ಕೂತಿದ್ದೆ. ಎಡಗಡೆಯ ಮುಂದಿನ ಮಡ್‌ಗಾರ್ಡಿನ ಮೇಲೆ, ಬಂಪರಿಗಿಂತ ಒಂದು ಗೇಣು ಮೇಲೆ, ಗುಲಾಬಿ ಬಣ್ಣದ ಗೆರೆಯಿತ್ತು.

“ಎತ್ತಿನ ಕೋಡ ತಾಗೇತಿ ಕಾಕಾ. ಸಂಜೀ ಒಳಗ ಬೇಕಂದಾರ ಮಾಲಕರು,” ಎಂದ ಡ್ರೈವರ್.

ಕಾಕಾ ಬಾಗಿ ನೋಡಿದರು. “ಇಷ್ಟ ಕೆಳಗ? ಮಲಗಿದ ಎತ್ತಿಗೆ ಗುದ್ದೀಯೇನಲೇ?”

ಡ್ರೈವರ್ ನಕ್ಕ. ನಾನೂ ನಕ್ಕೆ. ಕಾಕಾ ಅರಿವೆ ಹರಿದುಕೊಂಡರು. ಸಂಜೆಯ ಹೊತ್ತಿಗೆ ಗೆರೆ ಇರಲಿಲ್ಲ. ಅದರ ಮೇಲೆ ಮೇಣ ಕೂತಿತ್ತು.

ಅದಕ್ಕೂ ಹಿಂದಿನ ದಿನ ಬೆಳಗಿನ ಜಾವ ರಾಯಬಾಗ ರಸ್ತೆಯಲ್ಲಿ ಅಲಖನೂರ ಕಡೆಯ ಒಬ್ಬ ಹಾಲಿನವನು ಸತ್ತಿದ್ದ. ಎರಡು ಎಮ್ಮೆ ಇಟ್ಟುಕೊಂಡು, ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಹಾಲು ಹಾಕುತ್ತಿದ್ದವನು. ಹೆಂಡತಿ, ಒಬ್ಬ ಚಿಕ್ಕ ಮಗಳು. ಹಿಂದಿನಿಂದ ಗುದ್ದಿದ ವಾಹನ ನಿಂತಿರಲಿಲ್ಲ, ಕಂಡವರೂ ಇರಲಿಲ್ಲ. ನಾನು ಸ್ಥಳಕ್ಕೆ ಹೋಗಿ ಬಂದು ನಾಲ್ಕು ಸಾಲು ಬರೆದೆ. ‘ಅಪರಿಚಿತ ವಾಹನ ಡಿಕ್ಕಿ’ ಎಂಬ ತಲೆಬರಹ. ಸೈಕಲ್ಲಿನ ಬಣ್ಣವನ್ನು ಬರೆದಿರಲಿಲ್ಲ. ನಾಲ್ಕು ಸಾಲಿನ ಸುದ್ದಿಯಲ್ಲಿ ಅದಕ್ಕೆ ಜಾಗವಿಲ್ಲ ಎಂದುಕೊಂಡಿದ್ದೆ.

ಪತ್ರಿಕೆ ಬಂದ ದಿನ ಶೆಡ್ಡಿನಲ್ಲಿ ಕುಳಿತು ಅದನ್ನು ಕಾಕಾರಿಗೆ ಮಾತಿನಲ್ಲಿ ಹೇಳಿದೆ. ತನ್ನ ಎಮ್ಮೆಗಳ ಕೋಡಿಗೆ ಬಳಿದು ಉಳಿದ ಬಣ್ಣವನ್ನು ಆತ ಸೈಕಲ್ಲಿಗೂ ಬಳಿದಿದ್ದ, ಹಿಂದಿನ ಮಡ್‌ಗಾರ್ಡ್, ಕ್ಯಾರಿಯರ್ ಎಲ್ಲ ಗುಲಾಬಿ, ರಸ್ತೆಯಲ್ಲಿ ಹಾಲು ಚೆಲ್ಲಿದ ಕಡೆ ಅದು ಎದ್ದು ಕಾಣುತ್ತಿತ್ತು ಎಂದೆ.

ಕಾಕಾರ ಕೈ ನಿಂತಿತು. ಎದ್ದು ಟ್ರಂಕು ತೆಗೆದು, ಒಂದು ಅರಿವೆಯನ್ನು ನನ್ನ ಮುಂದೆ ಬಿಡಿಸಿದರು. ನೀಲಿಯ ನಡುವೆ ಎರಡು ಬೆರಳಗಲದ ಗುಲಾಬಿ.

“ಕೋಡ ಅಷ್ಟ ಕೆಳಗ ಬರಂಗಿಲ್ರಿ,” ಎಂದರು. ಅರಿವೆಯನ್ನು ಮಡಚುತ್ತ, “ಅಂವ ಸುಳ್ಳ ಹೇಳಾಕತ್ತಾನಂತ ನಂಗ ಅವತ್ತ ತಿಳದಿತ್ತು. ತಿಳದೂ ನಗಚಾಟಗಿ ಮಾಡಿದೆ. ಸತ್ತವನ ಗುರತ ನನ್ನ ಕೈಲೆ ಒರಸಿದೆ.”

ಸೈಕಲ್ಲನ್ನು ಕಣ್ಣಾರೆ ಕಂಡಿದ್ದ ನನಗೂ ಅವತ್ತು ಹೊಳೆದಿರಲಿಲ್ಲ. ನಕ್ಕವರಲ್ಲಿ ನಾನೂ ಒಬ್ಬನಾಗಿದ್ದೆ.

“ಪೇಪರ್ ಸಾಹೇಬ್ರ, ಈ ಅರಿವಿ ಇಲ್ಲಂದ್ರ ಆ ಹೆಣ್ಣಮಗಳಿಗೆ ಏನಾಕ್ಕೈತಿ?”

ಗೊತ್ತಿದ್ದುದನ್ನು ಹೇಳಿದೆ. ವಾಹನ ಪತ್ತೆಯಾಗದಿದ್ದರೆ ಕೆಲವು ತಿಂಗಳಲ್ಲಿ ಪೊಲೀಸರು ಕಡತ ಮುಚ್ಚುತ್ತಾರೆ. ಯಾರ ಮೇಲೂ ಮೊಕದ್ದಮೆ ಇಲ್ಲ, ಸರಿಯಾದ ಪರಿಹಾರವೂ ಇಲ್ಲ. ಅರಿವೆ ಕೊಟ್ಟರೆ ತಮಗೇನಾಗುತ್ತದೆ ಎಂಬುದನ್ನು ಅವರು ಕೇಳಲಿಲ್ಲ. ಪಕ್ಕದ ಚಹಾದಂಗಡಿಯವನು ಕೇಳದೆಯೇ ಹೇಳಿದ:

“ಕಾಕಾ, ಸುಟ್ಟ ಬಿಡು ಅದನ್ನ. ನಿನ್ನ ಅನ್ನ ಕಾರಿನ್ಯಾಗ ಐತಿ, ಸೈಕಲ್ದಾಗಿಲ್ಲ.”

“ನಾ ಬಣ್ಣಾ ಉಳಸಾಂವ ಅಂತ ಹೇಳಕೋಂತ ಬಂದೀನಿ,” ಎಂದರು ಕಾಕಾ. “ಇದೊಂದ ಬಣ್ಣಾ ಸುಡಲೇನ?”

ಮರುದಿನ ಅವರು ಅರಿವೆಯನ್ನು ಕಾಗದದಲ್ಲಿ ಸುತ್ತಿಕೊಂಡು ಠಾಣೆಗೆ ಒಬ್ಬರೇ ಹೋದರು. ನಾನು ಜೊತೆಗೆ ಹೋಗಲಿಲ್ಲ. ಬಾತ್ಮೀದಾರ ಸುದ್ದಿಯ ಭಾಗವಾಗಬಾರದು ಎಂದು ಹಿರಿಯರು ಕಲಿಸಿದ್ದರು. ಅದು ಶಿಸ್ತಾಗಿತ್ತೋ ಅಂಜಿಕೆಯಾಗಿತ್ತೋ... ಖಚಿತವಾಗಿ ಹೇಳಲಾರೆ. ಡ್ರೈವರ್ ಆಡಿದ ಮಾತಿಗೆ ನಾನೂ ಸಾಕ್ಷಿಯಾಗಬಹುದಿತ್ತು. ಯಾರೂ ನನ್ನನ್ನು ಕರೆಯಲಿಲ್ಲ, ನಾನಾಗಿಯೂ ಹೋಗಲಿಲ್ಲ.

ಅರಿವೆ ಮತ್ತು ಸೈಕಲ್ಲಿನ ಬಣ್ಣ ಪ್ರಯೋಗಾಲಯಕ್ಕೆ ಹೋದವು. ಎರಡೂ ಒಂದೇ ಎಂಬ ವರದಿ ಬಂತು. ಮೊಕದ್ದಮೆ ಚಿಕ್ಕೋಡಿಯ ನ್ಯಾಯಾಲಯದಲ್ಲಿ ನಡೆಯಿತು. ನಾನು ಪತ್ರಕರ್ತರ ಬೆಂಚಿನಲ್ಲಿದ್ದೆ. ಡ್ರೈವರನ ಪರ ವಕೀಲರು ಕಾಕಾರನ್ನು ಬಹಳ ಹೊತ್ತು ಕೇಳಿದರು.

“ನಿಮ್ಮ ಕಡೆ ಹತ್ತ ಗಾಡಿ ಬರತಾವ. ಈ ಗುಲಾಬಿ ಬ್ಯಾರೆ ಗಾಡೀದ ಯಾಕ ಇರಬಾರ್ದು?”

“ಒಂದ ಗಾಡಿಗೆ ಒಂದ ಅರಿವಿರಿ. ನೋಡ್ರಿ, ಗುಲಾಬಿ ಕೆಳಗೂ ನೀಲಿ ಐತಿ, ಮ್ಯಾಲೂ ನೀಲಿ ಐತಿ. ಒಂದ ಉಜ್ಜಿನ್ಯಾಗ ಬಂದಾವ.”

“ಅರಿವಿ ಮಾತಾಡತೈತೇನು?”

“ಇಲ್ರಿ. ಅದಕ್ಕ ನಾ ಬಂದೀನಿ.”

ನ್ಯಾಯಾಲಯ ಡ್ರೈವರನಿಗೆ ಶಿಕ್ಷೆ ವಿಧಿಸಿತು. ಆಮೇಲೆ ಆ ಕುಟುಂಬಕ್ಕೆ ಪರಿಹಾರವೂ ಸಿಕ್ಕಿತು. ನನ್ನ ವರದಿಯಲ್ಲಿ ಕಾಕಾ ‘ಸಾಕ್ಷಿಯೊಬ್ಬರು’ ಆಗಿದ್ದರು.

ಆದರೆ ಶೆಡ್ಡಿಗೆ ಕಾರುಗಳು ಬರುವುದು ಮೊದಲ ವಿಚಾರಣೆಯ ಹೊತ್ತಿಗೇ ನಿಂತಿತ್ತು. ಯಾರೂ ಜಗಳವಾಡಲಿಲ್ಲ, ಯಾರೂ ಬೆದರಿಸಲಿಲ್ಲ. ಬರಲಿಲ್ಲ, ಅಷ್ಟೇ. ಚಹಾದಂಗಡಿಯಲ್ಲಿ ಒಬ್ಬ ಮಾಲೀಕ ಹೇಳಿದ್ದು ನೆನಪಿದೆ: “ಗಾಡೀ ಮೈಮ್ಯಾಲಿಂದು ಕೋರ್ಟಿಗೆ ಒಯ್ಯಾಂವನ ಕಡೆ ಯಾರ ಬಿಡತಾರ್ರಿ?” ಆತ ಸಂಭಾವಿತ. ಆತನ ಕಾರಿನ ಮೇಲೆ ಮುಚ್ಚಿಡುವಂಥದ್ದೇನೂ ಇರಲಿಲ್ಲ. ಆದರೂ ಬಿಡಲಿಲ್ಲ.

ಆ ಮಳೆಗಾಲದಲ್ಲಿ ಮೇಣದ ಮೂರು ಡಬ್ಬಿಗಳು ತೆರೆಯದೆ ಉಳಿದವು. ಕಾಕಾ ಒಂದು ದಿನ ಟ್ರಂಕಿನ ಅರಿವೆಗಳನ್ನು ಹೊರಗೆ ತೆಗೆದು, ಆಯಾ ಮಾಲೀಕರ ಮನೆಗೆ ಹೋಗಿ ಅವರವರ ಅರಿವೆ ಅವರವರಿಗೆ ಕೊಟ್ಟು ಬಂದರು. ಯಾಕೆ ಎಂದು ಕೇಳಿದೆ. “ಅವ್ರಿಗೆ ಹೆದರಿಕಿ ಇರಬಾರ್ದಲ್ರಿ,” ಎಂದರು. ಅಷ್ಟಾದರೂ ಯಾರೂ ಬರಲಿಲ್ಲ. ತೊಂಬತ್ತರ ದಶಕದ ಮೊದಲಲ್ಲಿ ಶೆಡ್ಡು ಬಿಚ್ಚಿ, ಅಥಣಿ ಕಡೆ ಒಬ್ಬ ಬಡಿಗನ ಹತ್ತಿರ ಕಪಾಟು, ಮಂಚಗಳಿಗೆ ಪಾಲಿಶ್ ಮಾಡಲು ಹೋದರು. ಹೊರಡುವ ದಿನ ನನಗೆ ನಮಸ್ಕಾರ ಹೇಳಲು ಬಂದಿದ್ದರಂತೆ. ನಾನು ಯಾವುದೋ ಸಭೆಯ ವರದಿಗೆ ಕಾಗವಾಡಕ್ಕೆ ಹೋಗಿದ್ದೆ...

ಕೆಲವು ವರ್ಷಗಳ ಮೇಲೆ ನನಗೆ ಬೇರೆ ಊರಿಗೆ ವರ್ಗವಾಯಿತು. ಕಾಕಾ ತೀರಿಕೊಂಡ ವಿಷಯ ಬಹಳ ತಡವಾಗಿ ಚಹಾದಂಗಡಿಯವನಿಂದ ತಿಳಿಯಿತು. “ಕಾಕಾ ಹೋದ್ರಂತ,” ಎಂದ. ಯಾವಾಗ ಎಂದು ನಾನು ಕೇಳಲಿಲ್ಲ.

ಕಳೆದ ತಿಂಗಳು ನಿಪ್ಪಾಣಿಯಿಂದ ಹೊರಟ ದಿನ ನೇರವಾಗಿ ಊರಿಗೆ ಹೋಗದೆ ಅಲಖನೂರಿಗೆ ಕಾರು ತಿರುಗಿಸಿದೆ. ಹಾಲಿನವನ ಹೆಂಡತಿಗೆ ಈಗ ವಯಸ್ಸಾಗಿದೆ. ಮಗಳು, ಅಳಿಯ ಆಕೆಯ ಜೊತೆಗೇ ಇದ್ದಾರೆ. ಹಿತ್ತಲಲ್ಲಿ ಆರು ಎಮ್ಮೆಗಳಿವೆ. ನಾನು ಯಾರೆಂದು ಹೇಳಿದ ಮೇಲೆ ಆಕೆ ಮೊದಲು ಕೇಳಿದ್ದು ಅವರನ್ನೇ.

“ಆ ಪಾಲಿಶ್ ಅಣ್ಣ ಹ್ಯಾಂಗ ಅದಾರ್ರಿ? ಕೋರ್ಟಿನ್ಯಾಗ ಒಮ್ಮೆ ಕಂಡಿದ್ದೆ. ಮಾತಾಡ್ಸಾಕ ಆಗಲಿಲ್ಲ.”

ತೀರಿಕೊಂಡರು ಎಂದೆ. ಆಕೆ ಸೆರಗು ಸರಿಪಡಿಸಿಕೊಂಡರು.

“ಯಾವ ದಿನಾರಿ? ದಿನಾ ಗೊತ್ತಾದ್ರ ವರ್ಷಾ ಅವರ ಹೆಸರ್ಲೆ ಒಂದ ಎಡಿ ಬಡಿಸಿ ಇಡತಿದ್ದೆ.”

ವೃತ್ತಿಯಲ್ಲಿ ನೂರಾರು ಜನರ ಸಾವಿನ ದಿನ, ವೇಳೆ, ಸ್ಥಳ ಬರೆದಿದ್ದೇನೆ. ಆಕೆಯ ಗಂಡನದನ್ನೂ ಬರೆದವನು ನಾನೇ. ಇದೊಂದು ನನ್ನ ಬಳಿ ಇರಲಿಲ್ಲ. ಅಥಣಿಯಲ್ಲಿ ವಿಚಾರಿಸಿ ತಿಳಿಸುತ್ತೇನೆ ಎಂದೆ. ಆಮೇಲೆ ಹೋಗಿ ವಿಚಾರಿಸಿದೆ ಕೂಡ. ಆ ಬಡಿಗನೂ ಇಲ್ಲ, ಅಂಗಡಿಯೂ ಇಲ್ಲ, ನೆನಪಿದ್ದವರು ಯಾರೂ ಸಿಗಲಿಲ್ಲ.

ಅವತ್ತು ಅಲಖನೂರಿನಲ್ಲಿ ನನ್ನನ್ನು ಕಳಿಸಲು ಬಾಗಿಲವರೆಗೆ ಬಂದ ಆಕೆ ನನ್ನ ಮುಖ ನೋಡಿಯೇ ಇದನ್ನು ತಿಳಿದುಕೊಂಡಿದ್ದರೆಂದು ಕಾಣುತ್ತದೆ. “ಸಿಗಲಿಲ್ಲಂದ್ರ ಇರ್ಲಿ ಬಿಡ್ರಿ,” ಎಂದಿದ್ದರು. “ನಮ್ಮವರು ಹೋದ ದಿನಾನ ಎರಡ ಎಡಿ ಇಡತೀನಿ.”