ಹುಟ್ಟು ಹಿಡಿದ ಅತ್ತೆ

ನನ್ನ ಅತ್ತೆಯ ಎಡಗೈ ಮೊಣಕೈಯಿಂದ ಕೆಳಗೆ ಸೊಟ್ಟಗಿತ್ತು. ಕೈ ಎತ್ತಿದರೆ ಗಾಜಿನ ಬಳೆಗಳು ಹಿಂದಕ್ಕೆ ಜಾರಿ ಆ ಸೊಟ್ಟ ಜಾಗದಲ್ಲೇ ಸಿಕ್ಕಿಕೊಳ್ಳುತ್ತಿದ್ದವು. ಮದುವೆಯಾದ ಹೊಸತರಲ್ಲಿ ಏನಾಯಿತೆಂದು ಕೇಳಿದ್ದೆ.

"ನಿನ್ನ ಮಾವ ಒನಕೆಯಲ್ಲಿ ಹೊಡೆದದ್ದು" ಎಂದರು, ಒಲೆಗೆ ಸೌದೆ ದೂಡುತ್ತ. "ಆಗ ಬೇಸಿಗೆ. ನೀರು ಇಳಿದು ಬರೀ ಕೆಸರು ಮಾರಾಯ್ತಿ, ದೋಣಿ ಹೋಗ್ತಿರ್ಲಿಲ್ಲ. ಆಸ್ಪತ್ರೆಗೆ ಹೋಗೋದು ಹೆಂಗೆ? ಮೂಳೆ ಅದರಷ್ಟಕ್ಕೆ ಅದೇ ಕೂಡಿಕೊಂಡ್ತು."

ಸಾರಿಗೆ ಉಪ್ಪು ಜಾಸ್ತಿಯಾಯಿತು ಎನ್ನುವಂಥ ಧ್ವನಿಯಲ್ಲಿ ಅದನ್ನು ಹೇಳಿದ್ದರು. ಮಾವ ಅಷ್ಟರಲ್ಲಿ ತೀರಿಹೋಗಿ ಬಹಳ ಕಾಲವಾಗಿತ್ತು.

ನರಸಿಂಹರಾಜಪುರದ ಕಡೆ, ಭದ್ರಾ ಹಿನ್ನೀರಿನ ನಡುವೆ ಇರುವ ಚಿಕ್ಕ ನಡುಗಡ್ಡೆ ನನ್ನ ಗಂಡನ ಊರು. ಅಣೆಕಟ್ಟೆಯ ನೀರು ಏರಿದಾಗ ಮುಳುಗದೆ ಉಳಿದ ಗುಡ್ಡದ ನೆತ್ತಿ ಅದು. ಅದರ ಮೇಲೆ ಕೆಲವೇ ಮನೆಗಳು, ಎಲ್ಲವೂ ಗಂಡನ ದಾಯಾದಿಗಳದ್ದೇ. ಮೀನು ಹಿಡಿಯುವುದು, ದಡದಾಚೆಯ ತೋಟಗಳಿಗೆ ಕೂಲಿಗೆ ಹೋಗುವುದು ಅವರ ಕಸುಬು. ಅಕ್ಕಿ, ಸೀಮೆಎಣ್ಣೆ, ಮಾತ್ರೆ, ಮದುವಣಗಿತ್ತಿ, ಎಲ್ಲವೂ ದೋಣಿಯಲ್ಲೇ ಬರಬೇಕು. ಮೇಗುಂದದ ಕಡೆ ತೋಟದ ಕೂಲಿಯವರ ಮಗಳಾದ ನಾನೂ ಹಾಗೆಯೇ, ಟ್ರಂಕಿನ ಮೇಲೆ ಕೂತು, ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು ಬಂದೆ. ಹುಟ್ಟು ಹಾಕುತ್ತಿದ್ದವರು ಅತ್ತೆ.

ಚಿಕ್ಕವರಿದ್ದಾಗ ಅಪ್ಪನ ಗದ್ದೆ ನೀರಿನೊಳಗೆ ಹೋಗುವುದನ್ನು ದಡದಲ್ಲಿ ನಿಂತು ನೋಡಿದವರು ಅವರು. ಹಾಗಾಗಿ ಜಮೀನಿನ ಮೇಲೆ ನಂಬಿಕೆ ಇರಲಿಲ್ಲ. ಕೈಗೆ ಏನು ಸಿಕ್ಕಿದರೂ ಒಂದು ಆಡು ಕೊಳ್ಳುತ್ತಿದ್ದರು. "ದುಡ್ಡು ಡಬ್ಬಿಯಲ್ಲಿಟ್ರೆ ಗಂಡಸರು ಕುಡೀತಾರೆ. ಭೂಮಿಗೆ ಹಾಕಿದ್ರೆ ನೀರು ಕುಡೀತದೆ. ನಾಲ್ಕು ಕಾಲಿನ ಮೇಲೆ ಇಟ್ರೆ ಎಬ್ಬಿಸ್ಕೊಂಡು ಹೋಗ್ಲಿಕ್ಕಾಗ್ತದೆ" ಎನ್ನುತ್ತಿದ್ದರು. ಕೊಟ್ಟಿಗೆಯ ತುಂಬ ಆಡುಗಳಿದ್ದವು. ಒಂದೊಂದಕ್ಕೂ ಒಂದೊಂದು ಬೈಗುಳದ ಹೆಸರು.

ಗಂಡ ಮೊದಲು ಹೊಡೆದದ್ದು ಮೀನಿನ ಸಾರು ತಣ್ಣಗಾಯಿತೆಂದು. ಸೊಂಟದ ಬೆಲ್ಟ್ ಬಿಚ್ಚಿ ಹೊಡೆದ. ಕೂಗುತ್ತ ಹೊರಗೆ ಓಡಿದೆ. ಓಡಿದ್ದು ನೀರಿನ ಅಂಚಿನವರೆಗೆ. ಅಲ್ಲಿಂದ ಮುಂದೆ ಓಡಲು ನೆಲವೇ ಇಲ್ಲ. ಸುತ್ತಲ ಮನೆಗಳ ಬಾಗಿಲು ಒಂದೊಂದಾಗಿ ಮುಚ್ಚಿಕೊಂಡವು. ಅವನು ಜಡೆ ಹಿಡಿದು ಎಳೆದುಕೊಂಡು ಬಂದ. ಆಮೇಲೆ ಅತ್ತೆ ಬೆನ್ನಿಗೆ ಅರಿಸಿನ ಎಣ್ಣೆ ಹಚ್ಚುತ್ತ, "ತಡ್ಕೋ. ನಾನೂ ತಡ್ಕೊಂಡೇ ಮುದುಕಿ ಆದದ್ದು" ಎಂದರು. ಅವತ್ತು ಗಂಡನಿಗಿಂತ ಹೆಚ್ಚಾಗಿ ಅವರ ಮೇಲೆ ನನಗೆ ದ್ವೇಷ ಹುಟ್ಟಿತು.

ಹೊಡೆತ ನಿಲ್ಲಲಿಲ್ಲ. ಫೋನನ್ನು ಕಲ್ಲಿನ ಮೇಲಿಟ್ಟು ಜಜ್ಜಿದ. ಅವನನ್ನು ಕೇಳದೆ ದೋಣಿ ಹತ್ತಕೂಡದು ಎಂದ. ಬಸುರಿಯಾದ ಮೇಲೂ ಅಷ್ಟೇ. ಐದನೇ ತಿಂಗಳಲ್ಲಿ ಕಾಲು ಬಾತುಕೊಂಡಾಗ, ಅವನು ಬಲೆ ಹಾಕಲು ಹೋದ ಹೊತ್ತು ನೋಡಿ, ಅತ್ತೆ ನನ್ನನ್ನು ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ತೋಳಿನ ಮೇಲಿನ ಬಾಸುಂಡೆ ನೋಡಿ ನರ್ಸ್ ಏನಿದು ಎಂದರು. ಬಿದ್ದೆ ಎಂದೆ. ಪಕ್ಕದಲ್ಲಿ ನಿಂತಿದ್ದ ಅತ್ತೆ ನನ್ನ ಸೆರಗನ್ನು ಆ ತೋಳಿನ ಮೇಲೆ ಎಳೆದು ಮುಚ್ಚಿದರು.

ವಾಪಸು ಬರುವಾಗ ನಡುನೀರಿನಲ್ಲಿ ಹುಟ್ಟು ಹಾಕುವುದನ್ನು ನಿಲ್ಲಿಸಿದರು. ದೋಣಿ ತನ್ನ ಪಾಡಿಗೆ ತೇಲುತ್ತಿತ್ತು.

"ನಾನೂ ಹಂಗೇ ಹೇಳ್ತಿದ್ದೆ, ಬಿದ್ದೆ ಅಂತ" ಎಂದರು. "ನಾನು ತಡ್ಕೊಂಡದ್ದನ್ನ ನೋಡ್ಕೊಂಡೇ ಅಲ್ವಾ ಅವ್ನು ಬೆಳೆದದ್ದು."

ದೋಣಿ ಕಟ್ಟುವ ಮರದ ಬುಡದಲ್ಲಿ ಅವನು ಕಾಯುತ್ತ ಕೂತಿದ್ದ. ಕುಡಿದಿದ್ದ. "ಯಾರನ್ನ ಕೇಳಿ ಹೋದೆ?" ಎಂದವನೇ ಕೂದಲು ಹಿಡಿದು ದೋಣಿಯಿಂದ ಎಳೆದು ಕೆಸರಿಗೆ ಕೆಡವಿದ. ಸೊಂಟಕ್ಕೆ ಒದ್ದ. ಹೊಟ್ಟೆಗೆ ಬೀಳದಿರಲಿ ಎಂದು ಮುದುಡಿಕೊಂಡೆ. ಅವನು ಬೆನ್ನ ಹಿಂದೆ ಸಿಕ್ಕಿಸಿಕೊಂಡಿದ್ದ ಕತ್ತಿ ತೆಗೆದ. ಅದು ಮೇಲೆ ಎದ್ದದ್ದನ್ನು ನೋಡಿ ಕಣ್ಣು ಮುಚ್ಚಿದೆ.

ಒಣ ರೆಂಬೆ ಮುರಿದಂಥ ಸದ್ದು ಕೇಳಿತು. ಕಣ್ಣು ಬಿಟ್ಟಾಗ ಕತ್ತಿ ಕೆಸರಿನಲ್ಲಿತ್ತು; ಅವನು ಭುಜ ಹಿಡಿದುಕೊಂಡು ಮಂಡಿಯೂರಿದ್ದ. ಅತ್ತೆ ಹುಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು.

"ಅಮ್ಮಾ, ನಂಗೆ ಹೊಡೆದ್ಯಾ?" ಎಂದ ಅವನು. ಮಗುವಿನ ಹಾಗೆ ಕೇಳಿದ.

"ಏಳ್ಬೇಡ. ಎದ್ರೆ ಇನ್ನೊಂದು ಹೊಡೀತೇನೆ."

ನನ್ನನ್ನು ದೋಣಿಗೆ ಹತ್ತಿಸಿ, ದೋಣಿ ದೂಡಿ, ತಾವೂ ಹತ್ತಿದರು. ಹತ್ತು ಮಾರು ದೂರ ಹೋಗುವಷ್ಟರಲ್ಲಿ ಅವನು ಎದ್ದು ದಡದಿಂದ ಕಲ್ಲು ಬೀಸತೊಡಗಿದ. ಒಂದು ಅವರ ಹಣೆಗೆ ಬಿತ್ತು. ರಕ್ತ ಕಣ್ಣಿಗಿಳಿಯಿತು. ಭುಜದಿಂದ ಒರೆಸಿಕೊಳ್ಳುತ್ತ, ಆ ಸೊಟ್ಟ ಕೈಯಲ್ಲೇ ಹುಟ್ಟು ಹಾಕಿದರು. ನಾನು ಹುಟ್ಟಿಗೆ ಕೈ ಚಾಚಿದೆ.

"ನೀನು ಹೊಟ್ಟೆ ಹಿಡ್ಕೋ. ನೀರನ್ನ ನಾನು ನೋಡ್ಕೊಳ್ತೇನೆ."

ಆಸ್ಪತ್ರೆಯಲ್ಲಿ ಮಗುವಿನ ಎದೆಬಡಿತ ಕೇಳಿಸಿಕೊಂಡ ಮೇಲೆಯೇ ಅವರು ಹಣೆಗೆ ಹೊಲಿಗೆ ಹಾಕಿಸಿಕೊಂಡದ್ದು. ಅಲ್ಲಿಂದ ನೇರ ಠಾಣೆಗೆ. "ಹೆತ್ತ ಮಗನ ಮೇಲೆ ಕೇಸಾ ಅಮ್ಮ? ಮನೇಲೇ ಕೂತು ಮಾತಾಡ್ಕೊಳ್ಳಿ" ಎಂದರು ಅಲ್ಲಿದ್ದವರು. ಅತ್ತೆ ಕುರ್ಚಿ ಎಳೆದುಕೊಂಡು ಕೂತರು. "ಮನೆ ಸುತ್ತ ನೀರು ಸಾರ್. ಅಲ್ಲಿ ಕೂಗಿದ್ರೂ ಯಾರಿಗೂ ಕೇಳಲ್ಲ. ನಾನು ಹೊಡೆದದ್ದನ್ನೂ ಬರ್ಕೊಳ್ಳಿ."

ಪೊಲೀಸರ ಜೊತೆ ಸಾಮಾನು ತರಲು ಹೋದಾಗ ಕೊಟ್ಟಿಗೆಯ ತುಂಬ ನೊಣ. ಒಂದು ಭುಜ ಮುರಿದಿದ್ದರೂ ಇನ್ನೊಂದು ಕೈಯಲ್ಲೇ ಅವನು ಆಡುಗಳನ್ನು ಕಟ್ಟಿಹಾಕಿದ್ದಲ್ಲೇ ಕಡಿದಿದ್ದ. ಹಣೆ ಒಡೆದಾಗ ಅಳದ ಅತ್ತೆ ಅಲ್ಲಿ ಕುಸಿದು ಕೂತರು. "ಇವು ಎಂತ ಮಾಡಿದ್ವು?" ಎಂದು ಕೇಳಿದರು, ಪೊಲೀಸರನ್ನು. ಅವನನ್ನು ಅವತ್ತೇ ಹಿಡಿದುಕೊಂಡು ಹೋದರು. ಹಗ್ಗ ಕಿತ್ತುಕೊಂಡು ಪೊದೆ ಸೇರಿದ್ದ ಕೆಲವು ಆಡುಗಳನ್ನು ಅತ್ತೆ ಕೂಗಿ ಕೂಗಿ ಹಿಡಿದು ದೋಣಿಗೆ ಹಾಕಿಕೊಂಡು ಬಂದರು.

ಅವನ್ನು ಮಾರಿ ಪೇಟೆಯಲ್ಲಿ ಒಂದು ಬಾಡಿಗೆ ಕೋಣೆ, ಒಂದು ತಕ್ಕಡಿ, ಒಂದು ಐಸ್ ಪೆಟ್ಟಿಗೆ. ಬಸ್ ನಿಲ್ದಾಣದ ಹಿಂದೆ ನಮ್ಮ ಮೀನಿನ ವ್ಯಾಪಾರ ಶುರುವಾದದ್ದು ಹಾಗೆ. ಮಗಳು ಹುಟ್ಟಿದ್ದೂ ಅದೇ ವರ್ಷ. ಬೆಳಿಗ್ಗೆ ಮೊದಲ ಬಸ್ಸಿಗೆ ಕೊಪ್ಪಕ್ಕೆ ಮೀನು ಕಳಿಸುವುದು, ಮಳೆಗಾಲದಲ್ಲಿ ಒಣಮೀನು ಹೊತ್ತು ಬಸ್ಸಿನಲ್ಲಿ ಕೆರೆಕಟ್ಟೆಯ ಕಡೆ ಹೋಗಿ ಮನೆಮನೆಗೆ ನಡೆಯುವುದು, ಎಲ್ಲವನ್ನೂ ಅವರೇ ಕಲಿಸಿದರು.

ಜೈಲಿನಿಂದ ಬಿಟ್ಟ ಮೇಲೆ ಒಮ್ಮೆ ಅವನು ಅಂಗಡಿಗೇ ಬಂದ. ಬಾಯಿಗೆ ಬಂದದ್ದೆಲ್ಲ ಬೈದ. ಅತ್ತೆ ತಲೆ ಎತ್ತದೆ ಮೀನಿನ ಹುರುಪೆ ಹೆರೆಯುತ್ತಲೇ ಇದ್ದರು. "ಮೀನು ಬೇಕಾದ್ರೆ ಹೇಳು. ಇಲ್ಲಾಂದ್ರೆ ಗಿರಾಕಿಗೆ ಜಾಗ ಬಿಡು." ಅವನು ಅವರ ಕೈಯಲ್ಲಿದ್ದ ಚೂರಿ ನೋಡಿದ. ಹೊರಟುಹೋದ. ನಡುಗಡ್ಡೆಗೆ ಮರಳಿ ಒಬ್ಬನೇ ಇದ್ದ.

ಆದರೂ ಆ ಕಡೆಯವರು ಯಾರಾದರೂ ಮೀನು ತಂದರೆ ಅತ್ತೆಯ ಮೊದಲ ಪ್ರಶ್ನೆ ಒಂದೇ: "ಅವ್ನು ಉಣ್ತಾನಾ ಸರಿಯಾಗಿ?" ಒಂದು ದಿನ ನನಗೆ ತಡೆಯಲಾಗದೆ, "ಅವನ ಸುದ್ದಿ ಯಾಕೆ ಅತ್ತೆ ನಿಮಗೆ?" ಎಂದು ರೇಗಿದೆ. "ಹೊಡೆದದ್ದೂ ನಾನೇ, ಹೆತ್ತದ್ದೂ ನಾನೇ ಮಾರಾಯ್ತಿ. ಒಂದು ಮಾಡಿದ್ದಕ್ಕೆ ಇನ್ನೊಂದು ಸುಳ್ಳಾಗ್ತದಾ?" ಎಂದರು.

ಹೋದ ಮಳೆಗಾಲದಲ್ಲಿ ಅವರ ಎದೆಯಲ್ಲಿ ನೀರು ತುಂಬಿತು. ಉಸಿರು ಎಳೆದೆಳೆದು ಹೇಳಿದ ಕೊನೆಯ ಮಾತು ಇದು: "ಬಾಯಿಗೆ ನೀರು ನೀನೇ ಬಿಡು. ಅವ್ನು ಬಂದ್ರೆ ಬೇಡ ಅನ್ಬೇಡ. ಅವ್ನಿಗೂ ಅಮ್ಮ ಸತ್ತಿರ್ತಾಳೆ."

ನೀರು ನಾನೇ ಬಿಟ್ಟೆ.

ಸುದ್ದಿ ಮುಟ್ಟಿ ಮಧ್ಯಾಹ್ನದ ಹೊತ್ತಿಗೆ ಅವನು ಬಂದ. ತಲೆ ನೆರೆತಿತ್ತು. ಒಳಗೆ ಬರುವ ಧೈರ್ಯವಿಲ್ಲದೆ ಚಪ್ಪಲಿ ಬಿಟ್ಟು ಅಂಗಳದ ಮೂಲೆಯಲ್ಲಿ ನಿಂತ. ನನ್ನ ಬೆನ್ನಿನ ಹಳೆಯ ಗಾಯಗಳೆಲ್ಲ ಒಮ್ಮೆಲೇ ಉರಿದ ಹಾಗಾಯಿತು. ಕೊನೆಗೆ, "ಬಾ. ಅಮ್ಮನ ಮುಖ ನೋಡು" ಎಂದೆ. ಅವನು ಬಂದು ಅತ್ತೆಯ ಕಾಲಿನ ಬಳಿ ಕೂತು, ಪಾದಕ್ಕೆ ಹಣೆ ಒತ್ತಿ ಅತ್ತ.

ಮಗಳು ನನ್ನ ಸೆರಗು ಹಿಡಿದುಕೊಂಡು ನೋಡುತ್ತಿದ್ದಳು. ಅವಳು ಅವನನ್ನು ಕಂಡದ್ದು ಅದೇ ಮೊದಲು.

"ಯಾರಮ್ಮ ಅವ್ರು?" ಎಂದಳು ಮೆಲ್ಲಗೆ.

"ಅಜ್ಜಿಯ ಮಗ" ಎಂದೆ.