ಗಂಗವ್ವ ಹೂ ಕೇಳಿದ್ದು

ಮಕ್ಕಳಿಗೆ ಹೊಡೆಯುವುದು ತಪ್ಪೇ? “ಹೌದ್ರಿ.” ಮಕ್ಕಳಿಗೆ ಹೊಡೆಯುವುದು ಸರಿಯೇ? “ಹೌದ್ರಿ ಮತ್ತ.” ಇಳಕಲ್ಲಿಗೆ ವರ್ಗವಾಗಿ ಬಂದ ಎರಡನೆಯ ವಾರ ಪ್ರಶ್ನಾವಳಿ ಹಿಡಿದು ಓಣಿಯ ಮನೆಮನೆ ತಿರುಗಿದ ನನಗೆ ಸಿಕ್ಕ ಉತ್ತರಗಳಿವು. ಮೈಸೂರಿನಲ್ಲಿ ಇದೇ ಪ್ರಶ್ನೆಗಳಿಗೆ ಜನ ನನ್ನೊಡನೆ ವಾದಕ್ಕೇ ನಿಲ್ಲುತ್ತಿದ್ದರು. ಇಲ್ಲಿ ಚಹಾ ಕುಡಿಸಿ, ಎಲ್ಲದಕ್ಕೂ ಹೌದೆಂದು ಹೇಳಿ ಕಳುಹಿಸಿದರು. ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವವಳು. ಆ ಕಾಗದದ ಕಟ್ಟು ನೋಡಿ ಅಳುವುದೊಂದು ಬಾಕಿ.

ಮನೆಯೊಡತಿ ಗಂಗವ್ವ ನಕ್ಕರು. “ಮನಿ ಬಾಗಲಕ್ಕ ಬಂದಾವ್ರಿಗೆ ಇಲ್ಲ ಅಂತ ಹ್ಯಾಂಗ ಅನ್ನೂದ್ರಿ, ಅಕ್ಕಾರ?”

ಗಂಗವ್ವ ಸೀರೆ ನೇಯುವ ವಿಧವೆ. ಮುಂದಿನ ಕೋಣೆ ನನಗೆ, ಹಿಂದಿನದು ಅವರಿಗೆ ಮತ್ತು ಮಗ್ಗಕ್ಕೆ. ಹಪ್ಪಳದಂತೆ ಮುರಿಯುವ ಕಟಕ್ ರೊಟ್ಟಿಯನ್ನು ಮೊಸರಲ್ಲಿ ನೆನೆಸಿ ತಿನ್ನಲು ಕಲಿಸಿದ್ದು ಅವರೇ. ನಾನು ಒಬ್ಬಳೇ ಉಣ್ಣಲು ಕೂತರೆ ಬೈದು ಒಳಗೆ ಕರೆಯುತ್ತಿದ್ದರು. ಊರಿನ ನೆನಪು ಕಾಡುತ್ತಿದ್ದ ಆ ದಿನಗಳಲ್ಲಿ ಆ ಬೈಗುಳವೇ ನನಗೆ ಆಸರೆಯಾಗಿತ್ತು.

ಮೂರನೆಯ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಎದೆಯಲ್ಲೊಂದು ಗಂಟು ಕಾಣಿಸಿತು. ಬೇಗ ಆಪರೇಷನ್ ಆಗಬೇಕು, ತಡಮಾಡಿದರೆ ಜೀವಕ್ಕೆ ಅಪಾಯ ಎಂದರು ಬಾಗಲಕೋಟೆಯ ಡಾಕ್ಟರು. “ಹೂನ್ರಿ” ಎಂದು ಬಂದ ಗಂಗವ್ವ ಮರುದಿನ ಮಗ್ಗದ ಮುಂದೆ ಕೂತರು. ನಾನು ಓದಿದ್ದನ್ನೆಲ್ಲ ಪ್ರಯೋಗಿಸಿದೆ. ನೂರಕ್ಕೆ ಇಷ್ಟು ಮಂದಿ ಸಾಯುತ್ತಾರೆ ಎಂದರೆ ಜನ ಹಿಂಜರಿಯುತ್ತಾರೆ, ಅದೇ ಲೆಕ್ಕವನ್ನು ಇಷ್ಟು ಮಂದಿ ಬದುಕುತ್ತಾರೆ ಎಂದು ಹೇಳಿದರೆ ಒಪ್ಪುತ್ತಾರೆ ಎನ್ನುತ್ತದೆ ನಮ್ಮ ಶಾಸ್ತ್ರ. ಹಾಗೇ ಹೇಳಿದೆ. ದಿನ ಗೊತ್ತುಮಾಡಿದರೆ ಮನಸ್ಸು ಗಟ್ಟಿಯಾಗುತ್ತದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಎಲ್ಲದಕ್ಕೂ “ಹೂನ್ರಿ”. ಗುರುತು ಹಾಕಿದ ದಿನ ಬಂತು, ಹೋಯಿತು.

ಕೊನೆಗೆ ಅವರೇ ಬಾಯಿಬಿಟ್ಟರು. “ಅವ್ವನ ಗುಡ್ಯಾಗ ಹೂ ಕೇಳ್ತೇನಿ.”

ಹೂ ಕೇಳುವುದೆಂದರೆ ದೇವಿಯ ಮೂರ್ತಿಗೆ ಹೂ ಅಂಟಿಸಿ ಕಾಯುವುದು. ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ. ನನಗೆ ಮೈಯೆಲ್ಲ ಉರಿಯಿತು. “ಜೀವವನ್ನ ಒಂದು ಹೂವಿನ ಕೈಗೆ ಕೊಡ್ತೀರಾ?” ಎಂದು ಕೂಗಾಡಿದೆ. ಆದರೂ ಜೊತೆಗೆ ಹೋದೆ.

ಹೂ ಎಡಕ್ಕೆ ಬಿತ್ತು. ಪೂಜಾರಿ ಬಾಯಿ ತೆರೆಯುವ ಮೊದಲೇ ಗಂಗವ್ವ, “ಗಾಳಿ ಬಂತ್ರಿ ಅಜ್ಜಾರ, ಇನ್ನೊಮ್ಮೆ ಹಚ್ಚರಿ” ಎಂದರು. ಮತ್ತೆ ಎಡ. “ಈ ಹೂ ಬಾಡೈತಿ. ತಾಜಾದು ಹಚ್ಚರಿ.” ಮೂರನೆಯದು ಬಲಕ್ಕೆ ಬಿತ್ತು. ಬೇಕಾದ ಉತ್ತರ ಬರುವ ತನಕ ಸಾಕ್ಷ್ಯವನ್ನು ತಳ್ಳಿಹಾಕುವುದು ಮನಸ್ಸಿನ ದೋಷವೆಂದು ತರಗತಿಯಲ್ಲಿ ಹೇಳುವವಳು ನಾನು. ಅಂದು ಆ ದೋಷಕ್ಕೆ ಕೈಮುಗಿದೆ.

ದಾರಿಯಲ್ಲಿ ಕೇಳಿದೆ. “ಮೊದಲೇ ಮನಸ್ಸು ಮಾಡಿದ್ರಲ್ಲ, ಹೂ ಯಾಕೆ ಬೇಕಿತ್ತು?”

“ನೀವು ಹೇಳಿದ್ರಿ ಅಂತ ಹೋಗಿ ನಾ ಸತ್ತರ, ನೀವು ಇರೂತನಕಾ ಕೊರಗ್ತೀರಿ. ಪರ ಊರಾಗ ಒಬ್ಬಾಕೀನ ಇರೂ ಹೆಣ್ಮಗಳು. ಈಗ ಏನಾದ್ರೂ ಆ ಅವ್ವನ ಮ್ಯಾಲೆ ಬರ್ತೈತಿ, ಬಿಡ್ರಿ.”

ತಪ್ಪಿನ ಹೊಣೆಗೆ ಅಂಜಿ ಜನ ನಿರ್ಧಾರ ಮುಂದೂಡುತ್ತಾರೆಂದು ಓದಿದ್ದೆ. ಆ ಹೊಣೆ ಇನ್ನೊಬ್ಬರ ಮೇಲೆ ಬೀಳದಿರಲಿ ಎಂದೂ ಮುಂದೂಡುತ್ತಾರೆಂದು ನನಗೆ ಯಾರೂ ಕಲಿಸಿರಲಿಲ್ಲ.

ಆಪರೇಷನ್ ದಿನ ದವಾಖಾನೆಯ ಬೆಂಚಿನ ಮೇಲೆ ಕೂತಿದ್ದಾಗ ಮೈಸೂರಿನಿಂದ ಅಮ್ಮ ಫೋನ್ ಮಾಡಿದರು. ವರ್ಗಾವಣೆ ಪಟ್ಟಿಯಲ್ಲಿ ನನ್ನ ಹೆಸರಿದೆಯಂತೆ, ಊರಿಗೇ ಆಗಿದೆಯಂತೆ. ವರ್ಷಗಟ್ಟಲೆ ಕಾದಿದ್ದ ಸುದ್ದಿ. ಖುಷಿಯೂ ಆಯಿತು, ಗಂಗವ್ವನನ್ನು ಬಿಟ್ಟು ಹೋಗಬೇಕಲ್ಲ ಎಂದೂ ಅನ್ನಿಸಿತು. ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು, “ಗಂಗವ್ವನ ಕಡಿಯಾವ್ರು ಯಾರ್ರಿ? ಎಚ್ಚರಾಗ್ಯಾರ, ಕರಿಯಾಕತ್ತಾರ” ಎಂದು ಕೂಗಿದಳು.

ಫೋನು ಕಿವಿಗಿಟ್ಟುಕೊಂಡೇ ಎದ್ದು ನಿಂತೆ. “ನಾ ಅದೀನ್ರಿ! ಬಂದ್ನಿ, ಬಂದ್ನಿ!”

“ಯಾರೇ ಅದು, ಮಧ್ಯೆ ಮಾತಾಡಿದ್ದು?” ಎಂದರು ಅಮ್ಮ.

“ನಾನೇ ಅಮ್ಮ” ಎಂದೆ. ಅವರು ನಂಬಲಿಲ್ಲ.